ಮೂರನೇ ಡಿಗ್ರಿ ಆದಮೇಲೆ ಮಾರ್ಕಾ, ರಾಯಲ್ ಆರ್ಚಾ?

ಫ್ರೀಮೇಸನ್ ಅಂದರೆ ಕಲ್ಲುಕುಟಿಗರ ಉಪಕರಣ, ಕಥೆಗಳ ಮೂಲಕ ನೀತಿ ಹೇಳುವ ಹಳೆಯ ಸಹೋದರ ಸಂಘದ ಸದಸ್ಯ; ಡಿಗ್ರಿ ಅಂದರೆ ಅದರಲ್ಲಿ ವಿಧಿ ಮಾಡಿ ಕೊಡುವ ಹಂತ. ಆ ಹೆಸರು ಕೇಳಿದ ಕೂಡಲೇ ಜನ ಕೇಳುವುದು 33ನೇ ಡಿಗ್ರಿ ಬಗ್ಗೆ. ಅದನ್ನು ಮೊದಲೇ ಬಗೆಹರಿಸಿಬಿಡೋಣ. ಮೂಲ ಡಿಗ್ರಿ ಮೂರೇ: ಅಪ್ರೆಂಟಿಸ್, ಫೆಲೋ ಕ್ರಾಫ್ಟ್, ಮಾಸ್ಟರ್ ಮೇಸನ್. 33ರ ಲೆಕ್ಕ ಮೂರರ ನಂತರದ ಡಿಗ್ರಿಗಳನ್ನು ಕೊಡುವ ಇನ್ನೊಂದು ಪದ್ಧತಿಯಾದ ಸ್ಕಾಟಿಷ್ ರೈಟ್‌ನದು, ಅದರ ಮೊದಲ ಸುಪ್ರೀಂ ಕೌನ್ಸಿಲ್ (ಆಡಳಿತ ಮಂಡಳಿ) ಹುಟ್ಟಿದ್ದು 1801ರಲ್ಲಿ, ಅದೂ ಸ್ಕಾಟ್ಲೆಂಡಿನಲ್ಲಲ್ಲ, ಅಮೆರಿಕದ ಚಾರ್ಲ್ಸ್‌ಟನ್‌ನಲ್ಲಿ. 33ರವನು ಲಾಡ್ಜಿಗೆ, ಅಂದರೆ ಮೇಸನರ ಸ್ಥಳೀಯ ಸಂಘಕ್ಕೆ, ಬಂದರೆ ಆ ನಂಬರಿನಿಂದ ಅವನಿಗೆ ಅಲ್ಲಿ ಯಾವ ಅಧಿಕಾರವೂ ಇಲ್ಲ.

ಮಾಸ್ಟರ್ ಆದಮೇಲೆ ಬೇಕಾದವರು ಸೇರಬಹುದಾದ ಹಂತಗಳಲ್ಲಿ ನಾನು ಸೇರಿ ನೋಡಿದ್ದು ಮೂರು: ಮಾರ್ಕ್, ರಾಯಲ್ ಆರ್ಚ್ ಮತ್ತು ರಾಯಲ್ ಆರ್ಕ್ ಮೆರಿನರ್. ಕೊಪ್ಪಳದಲ್ಲಿ ರಾತ್ರಿ ಹಂಪಿ ಎಕ್ಸ್‌ಪ್ರೆಸ್ ಹತ್ತಿ ಬೆಂಗಳೂರಿಗೆ ಹೋಗಿ, ಸಂಜೆ ಸಭೆ ಮುಗಿಸಿ, ಮತ್ತೆ ಅದೇ ರೈಲಿಗೆ ಓಡಿ ಬರುವ ಬಾಳು. ಹಾಗಾಗಿ ಯಾವುದಕ್ಕೆ ನಿದ್ದೆ ಕೆಡಿಸಿಕೊಳ್ಳಬಹುದು ಅಂತ ಹೇಳಬಲ್ಲೆ. ಗುರುತು, ಸಂಕೇತಪದ ಹೇಳುವುದಿಲ್ಲ, ಪ್ರಮಾಣ ಮಾಡಿದ್ದೇನೆ. ಉಳಿದ ಕಥೆಯೆಲ್ಲ ಅಚ್ಚಾದ ಪುಸ್ತಕಗಳಲ್ಲೇ ಇದೆ.

ನನ್ನ ಓಟು ಮಾರ್ಕ್‌ಗೆ. ಕಾರಣ ನನ್ನ ಕಸುಬು ಅಂತಲೇ ಇಟ್ಟುಕೊಳ್ಳಿ. ನಮ್ಮದು ಕುಷ್ಟಗಿ ಕಡೆ ಗ್ರಾನೈಟ್ ವ್ಯವಹಾರ. ಕೊಳ್ಳುವವನು ಬ್ಲಾಕ್ ಮೇಲೆ ನೀರು ಸುರಿಸಿ, ಒಣಗುವಾಗ ಎಲ್ಲಾದರೂ ಕೂದಲೆಳೆಯಷ್ಟು ಗೆರೆ ಹಸಿಯಾಗಿ ಉಳಿಯುತ್ತದಾ ಅಂತ ಬಗ್ಗಿ ನೋಡುತ್ತಾನೆ, ಉಳಿದರೆ ಬಣ್ಣದಲ್ಲಿ ಒಂದು ಗೀಟು ಎಳೆದು ಪಕ್ಕಕ್ಕೆ. ಮಾರ್ಕ್ ಡಿಗ್ರಿಯಲ್ಲೂ ಇದೇ ನಡೆಯುವುದು. ಬೈಬಲ್ಲಿನ ರಾಜ ಸೊಲೊಮೋನನ ದೇವಾಲಯ ಕಟ್ಟುತ್ತಿದ್ದಾರೆ. ಕೆಲಸಗಾರ ಕಲ್ಲು ಹೊತ್ತು ತರುತ್ತಾನೆ, ಮೇಸ್ತ್ರಿಗಳು ಅಳೆಯುತ್ತಾರೆ. ಚೌಕವೂ ಅಲ್ಲ, ಉದ್ದಚೌಕವೂ ಅಲ್ಲ, ನಮ್ಮ ನಕ್ಷೆಯಲ್ಲಿ ಇಂಥದ್ದು ಇಲ್ಲ ಅಂತ ಕಸದ ರಾಶಿಗೆ ಎಸೆಯುತ್ತಾರೆ. ಆಮೇಲೆ ಕಮಾನು ಮುಚ್ಚಲು ನಡುಗಲ್ಲು ಬೇಕಾದಾಗ ಅದನ್ನೇ ಹುಡುಕಾಡಬೇಕು. ಕಟ್ಟುವವರು ಬೇಡ ಅಂದ ಕಲ್ಲೇ ಮುಖ್ಯ ಕಲ್ಲಾಯಿತು ಅನ್ನುವ ಬೈಬಲ್ಲಿನ 118ನೇ ಕೀರ್ತನೆಯ ಮಾತು ಇದರ ಜೀವ. ಅಂದಹಾಗೆ ನಮ್ಮ ಇಟಗಿಯ ಮಹಾದೇವ ಗುಡಿ, 1112ರದು, ಅದರದು ಕಂಬ-ತೊಲೆಯ ಕಟ್ಟೋಣ. ಕಮಾನು ನೋಡಬೇಕಾದರೆ ಹಂಪಿಯ ಕಮಲ ಮಹಲಿಗೇ ಹೋಗಬೇಕು.

ಇನ್ನೊಂದು, ಇಲ್ಲಿ ಪ್ರತಿಯೊಬ್ಬನೂ ತನ್ನದೇ ಗುರುತು ಆರಿಸಿ ಪುಸ್ತಕದಲ್ಲಿ ದಾಖಲು ಮಾಡಿಸಬೇಕು. ಕೆಲಸ ಯಾರದ್ದು, ಕೂಲಿ ಯಾರಿಗೆ ಅನ್ನುವುದಕ್ಕೆ ಅದೇ ಸಾಕ್ಷಿ. ನಾನು ಬರೆದುಕೊಟ್ಟದ್ದು ನಾಲ್ಕೈದು ನೇರ ಗೆರೆ, ಉಳಿಯಲ್ಲಿ ಕೆತ್ತಲು ಬರುವಂಥದ್ದು. ಪಕ್ಕದವರೊಬ್ಬರು ಸುಮ್ನೆ ಬಳ್ಳಿ ಬಿಡಿಸಿದಂತೆ ಸುತ್ತಿಸಿದ್ದರು, ಅದನ್ನು ಕಲ್ಲಿನಲ್ಲಿ ಯಾರು ಕೆತ್ತುತ್ತಾರೆ?

ರಾಯಲ್ ಆರ್ಚ್ ತೂಕದ್ದು, ಒಪ್ಪುತ್ತೇನೆ. ಮೂರನೇ ಡಿಗ್ರಿಯಲ್ಲಿ ಅದೇ ದೇವಾಲಯದ ಮುಖ್ಯ ಶಿಲ್ಪಿ ಹೀರಾಮ್ ಕೊಲೆಯಾಗಿ ನಿಜವಾದ ಗುಟ್ಟು ಕಳೆದುಹೋಗುತ್ತದೆ, ನಮ್ಮ ಕೈಗೆ ಸಿಗುವುದು ಬದಲಿ. ಆ ಕಥೆಗೆ ಕೊನೆ ಸಿಗುವುದು ಇಲ್ಲಿ. ಬಾಬಿಲೋನಿನ ಸೆರೆಯಿಂದ ಮರಳಿ ಬಂದ ಯೆಹೂದ್ಯರು ಹೊಸ ದೇವಾಲಯಕ್ಕೆ ನೆಲ ಬಿಡಿಸುವಾಗ ಕೆಳಗೊಂದು ನೆಲಮಾಳಿಗೆ ಸಿಗುತ್ತದೆ, ಹಗ್ಗ ಕಟ್ಟಿ ಇಳಿಯುತ್ತಾರೆ. ಗುದ್ದಲಿ, ಹಾರೆ, ಸಲಿಕೆ ಇದರ ಉಪಕರಣ. ನನಗೆ ಹಿಡಿಸಿದ್ದು ಗ್ರೀಕ್ ತತ್ವಜ್ಞಾನಿ ಪ್ಲೇಟೋನ ಐದು ಘನಾಕೃತಿಗಳ ಭಾಗ: ನಾಲ್ಕು ಮುಖದ್ದು ಬೆಂಕಿ, ಎಂಟರದು ಗಾಳಿ, ಘನ ಭೂಮಿ, ಇಪ್ಪತ್ತರದು ನೀರು, ಹನ್ನೆರಡರದು ವಿಶ್ವ. ನಮ್ಮ ಪಂಚಭೂತವೇ ಅಲ್ವಾ! ಆದರೆ ಪಾಠ ಉದ್ದ, ಇಂಗ್ಲಿಷ್ ಹಳೆಯದು. ಕನ್ನಡ ಮೀಡಿಯಂನಲ್ಲಿ ಓದಿದ ನನಗೆ ಬಾಯಿಪಾಠ ಮಾಡುವಷ್ಟರಲ್ಲಿ ಸಾಕಾಯಿತು. ಹೇಳಿಕೊಡುವ ಹಿರಿಯರು ಇಲ್ಲದಿದ್ದರೆ ನಾಟಕ ನೋಡಿ ಬಂದಂತಾಗುತ್ತದೆ ಅಷ್ಟೇ.

ಮಾರ್ಕ್, ರಾಯಲ್ ಆರ್ಚ್ ಇವೆರಡಕ್ಕೆ ಬೇರೆ ಬೇರೆ ಸಂಘ ಯಾಕೆ ಅಂದರೆ, 1813ರಲ್ಲಿ ಇಂಗ್ಲೆಂಡಿನ ಮೇಸನರ ಎರಡು ಬಣ ಒಂದಾದಾಗ ಮೂರು ಡಿಗ್ರಿ ಮತ್ತು ಅದರೊಳಗೆ ರಾಯಲ್ ಆರ್ಚ್, ಇಷ್ಟೇ ಅಂತ ಒಪ್ಪಂದ ಮಾಡಿಕೊಂಡರು. ಮಾರ್ಕ್ ಹೊರಗುಳಿಯಿತು. 1856ರಲ್ಲಿ ಅದು ಲಂಡನ್ನಿನಲ್ಲಿ ತನ್ನದೇ ಗ್ರಾಂಡ್ ಲಾಡ್ಜ್, ಅಂದರೆ ಲಾಡ್ಜುಗಳ ಆಡಳಿತ ಸಂಸ್ಥೆ, ಮಾಡಿಕೊಂಡಿತು. ಆದರೆ ಸ್ಕಾಟ್ಲೆಂಡ್ ಪದ್ಧತಿಯಲ್ಲಿ ಮಾರ್ಕ್ ಆಗದೆ ರಾಯಲ್ ಆರ್ಚ್ ಇಲ್ಲ, ಸೇರುವ ಮುಂಚೆ ನಿಮ್ಮ ಚಾಪ್ಟರ್ (ರಾಯಲ್ ಆರ್ಚ್ ಸಂಘದ ಹೆಸರು ಅದು) ಯಾವ ಪದ್ಧತಿ ಅಂತ ಕೇಳಿಕೊಳ್ಳಿ.

ಆರ್ಕ್ ಮೆರಿನರ್ ಬೈಬಲ್ಲಿನ ಪ್ರಳಯದಲ್ಲಿ ತೇಲಿದ ನೋಹನ ನಾವೆಯ ಕಥೆ. ಸಭೆಯಲ್ಲಿ ಕಟ್ಟಲು ಕಾಮನಬಿಲ್ಲಿನ ಅಂಚಿನ ಏಪ್ರನ್, ಪಾರಿವಾಳ. ಚಿಕ್ಕದು, ಚೊಕ್ಕದು. ಮಾರ್ಕ್ ಆದವರಿಗೆ ಮಾತ್ರ, ಆದರೆ ಅದಕ್ಕೆಂದೇ ದೂರದಿಂದ ಹೋಗುವುದು ಅತಿಯಾಯಿತು.

ಸ್ಕಾಟಿಷ್ ರೈಟ್ ಲೆಕ್ಕದ 18ನೇ ಡಿಗ್ರಿ, ರೋಸ್ ಕ್ರಾಯ್, ನಾನು ನೋಡಿಲ್ಲ. ಗುಲಾಬಿ, ಶಿಲುಬೆ, ತನ್ನ ರಕ್ತ ಕುಡಿಸಿ ಮರಿ ಸಾಕುವ ಪೆಲಿಕನ್ ಹಕ್ಕಿ ಅದರ ಚಿಹ್ನೆ. ಇಂಗ್ಲೆಂಡ್ ಪದ್ಧತಿಯಲ್ಲಿ ಅದು ಕ್ರೈಸ್ತರಿಗೆ ಮಾತ್ರ. ಅಮೆರಿಕದಲ್ಲಿ ದೇವರನ್ನು ನಂಬುವ ಯಾವ ಮಾಸ್ಟರ್ ಮೇಸನ್ನನಿಗಾದರೂ ಬಾಗಿಲು ತೆರೆದಿದೆ.

ಹೊಸಬರು ಕೇಳಿದರೆ ಮೊದಲು ಮಾರ್ಕ್ ಅನ್ನುತ್ತೇನೆ. ರಾಯಲ್ ಆರ್ಚ್‌ಗೆ ಒಬ್ಬ ಗುರು ಸಿಕ್ಕಮೇಲೆ ಹೋಗಲಿ. ಒಂದೊಂದಕ್ಕೂ ಬೇರೆ ಏಪ್ರನ್, ಬೇರೆ ಚಂದಾ, ಮನೆಯಲ್ಲಿ ಆ ಲೆಕ್ಕ ಮೊದಲೇ ಹೇಳಿಬಿಡಿ.