ಸಪ್ತಾಪುರದ ರೀಡಿಂಗ್ ರೂಮು: ನೀಟ್ ಬರೆಯುವವರಿಗೆ 5ಕ್ಕೆ 4 ಸ್ಟಾರ್

ಧಾರವಾಡದ ಸಪ್ತಾಪುರದಲ್ಲಿ ಎಲ್ಲಿ ನೋಡಿದರೂ ರೀಡಿಂಗ್ ರೂಮೇ. ಎಲ್ಲಾ ಕಡೆ ಪಿಎಸ್‌ಐ, ಕೆಎಎಸ್, ಎಫ್‌ಡಿಎ ಅಂತ ಸರ್ಕಾರಿ ಕೆಲಸದ ಪರೀಕ್ಷೆಗೆ ಓದುವವರು. ನಾನು ಕೂತಿದ್ದು ಒಂದು ಖಾನಾವಳಿಯ ಮೇಲಿನ ಮಹಡಿಯಲ್ಲಿ, ತಿಂಗಳಿಗೆ 700 ರೂಪಾಯಿ, ಒಟ್ಟು ಐದು ತಿಂಗಳು. ಆಗ ನಾನು ಬಿಎಸ್ಸಿ ಮೊದಲ ವರ್ಷ, ಜೊತೆಗೆ ಎರಡನೇ ಸಲ ನೀಟ್. ಡಿಗ್ರಿ ಓದುತ್ತಲೇ ಮೆಡಿಕಲ್ ಸೀಟಿಗೆ ಕೈ ಹಾಕಿದವರು ಇದನ್ನು ಓದಿ.

ಅದಕ್ಕೂ ಮೊದಲು ಹುಬ್ಬಳ್ಳಿಯ ಒಂದು ಕೋಚಿಂಗ್ ಸೇರಿದ್ದೆ. ಹೆಸರು ಬೇಡ ಬಿಡಿ. ಪೂರ್ತಿ ಫೀ ಮೊದಲೇ ಕಟ್ಟಿಸಿಕೊಂಡರು, ಎರಡೇ ತಿಂಗಳಿಗೆ ಫಿಸಿಕ್ಸ್ ಸರ್ ಬಿಟ್ಟು ಹೋದರು, ದುಡ್ಡು ವಾಪಸ್ ಕೇಳಿದರೆ ‘ಮುಂದಿನ ಬ್ಯಾಚಿಗೆ ಅಡ್ಜಸ್ಟ್ ಮಾಡ್ತೀವ್ರೀ’ ಅಂದರು. ಅದಕ್ಕಿಂತ ಜಾಸ್ತಿ ಸಿಟ್ಟು ಬಂದದ್ದು ಅವರ ವಾರದ ಟೆಸ್ಟಿಗೆ. ಬೆಳಿಗ್ಗೆ 9ಕ್ಕೆ ಇಡುತ್ತಿದ್ದರು! ನೀಟ್ ಶುರುವಾಗುವುದೇ ಮಧ್ಯಾಹ್ನ 2ಕ್ಕೆ, ಅದೂ ಮೇ ತಿಂಗಳ ಬಿಸಿಲಲ್ಲಿ. 2024ರಲ್ಲಿ ನಾನು ಮೊದಲ ಸಲ ಬರೆದಾಗ ಮೂರೂವರೆ ಹೊತ್ತಿಗೆ ಕಣ್ಣು ಎಳೆಯುತ್ತಿತ್ತು, ಒಂದೇ ಪ್ರಶ್ನೆಯನ್ನು ಮೂರು ಸಲ ಓದಿದ್ದೇನೆ. ಮನೆಯಲ್ಲಿ ಆ ಹೊತ್ತಿಗೆ ರೊಟ್ಟಿ ತಿಂದು ಮಲಗುವುದೇ ರೂಢಿ, ಮೈ ಕೇಳಬೇಕಲ್ವಾ?

ಈ ರೂಮು ನನಗೆ ಕೆಲಸಕ್ಕೆ ಬಂದದ್ದು ಅಲ್ಲೇ. ಒಂದೂವರೆಗೆ ಎಲ್ಲರೂ ಕೆಳಗೆ ಊಟಕ್ಕೆ ಇಳಿಯುತ್ತಾರೆ, ಆಮೇಲೆ ಅರ್ಧ ಜನ ಪಿಜಿಗೆ ಹೋಗಿ ಮಲಗುತ್ತಾರೆ. ಹಾಲ್ ಖಾಲಿ. ನಾನು ಹನ್ನೆರಡಕ್ಕೇ ಎರಡು ರೊಟ್ಟಿ ತಿಂದು, 2ಕ್ಕೆ ಸರಿಯಾಗಿ ಕೂತು, 5ರವರೆಗೆ ಏಳುತ್ತಿರಲಿಲ್ಲ. ರೂಮು ನೋಡಿಕೊಳ್ಳುವ ಅಜ್ಜನಿಗೆ ಹೇಳಿಟ್ಟಿದ್ದೆ. ತಲೆ ಬಾಗಿದ್ದು ಕಂಡರೆ ಬಂದು ಟೇಬಲ್ ಕುಟ್ಟಿ, ‘ಯವ್ವಾ, ಏಳು, ಮಾರಿ ತೊಳ್ಕೊ’ ಅನ್ನುತ್ತಿದ್ದರು. ಮೊದಲ ಎರಡು ವಾರ ದಿನಾ ಅನ್ನಿಸಿಕೊಂಡೆ.

ಕೆಳಗಿನ ಝೆರಾಕ್ಸ್ ಅಂಗಡಿಯಲ್ಲಿ ಖಾಲಿ ಒಎಂಆರ್ ಹಾಳೆ (ಉತ್ತರದ ಗುಂಡು ತುಂಬುವ ಹಾಳೆ) ಸಿಗುತ್ತದೆ, ತಪ್ಪದೆ ತಗೊಳ್ಳಿ. 2025ರಿಂದ 180 ಪ್ರಶ್ನೆ, 180 ನಿಮಿಷ. ಬೇಕಾದ್ದನ್ನು ಆರಿಸಿಕೊಳ್ಳುವ ಅವಕಾಶ ಹೋಯಿತು. ಸರಿ ಉತ್ತರಕ್ಕೆ 4, ತಪ್ಪಿಗೆ ಒಂದು ಕಟ್. ಆದರೆ ಗುಂಡು ತುಂಬುವ ಹೊತ್ತೂ ಆ 180 ನಿಮಿಷದಲ್ಲೇ ಬರುತ್ತದೆ. ಬಾಲ್ ಪೆನ್ನಿನಲ್ಲಿ ಎಲ್ಲಾ ತುಂಬಲು ನನಗೆ ಮೊದಲು 20 ನಿಮಿಷ ಹಿಡಿಯುತ್ತಿತ್ತು. ಬಯಾಲಜಿಯ 90 ಪ್ರಶ್ನೆ 50 ನಿಮಿಷದಲ್ಲಿ ಮುಗಿಸಿದರೆ ಫಿಸಿಕ್ಸಿಗೆ ಉಸಿರಾಡಲು ಜಾಗ ಸಿಗುತ್ತದೆ. 2025ರ ಕಠಿಣ ಫಿಸಿಕ್ಸ್ ಪೇಪರ್ ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಬಿಎಸ್ಸಿ ಝೂವಾಲಜಿ ಓದಿದ್ದೇನೆ, ಸಾಕು ಅಂದುಕೊಳ್ಳಬೇಡಿ. ಆ ಪಾಠ ಎಲ್ಲೋ ಆಳಕ್ಕೆ ಹೋಗುತ್ತದೆ, ನೀಟ್ ಕೇಳುವುದು ಪಿಯು ಪುಸ್ತಕದ ಸಾಲುಗಳನ್ನೇ. ನಾನು ಪಿಯು ಪುಸ್ತಕ ರದ್ದಿಗೆ ಹಾಕಿ, ಆಮೇಲೆ ತಂಗಿಯದನ್ನು ಕಸಿದುಕೊಂಡೆ.

ಸರ್ಕಾರಿ ಪರೀಕ್ಷೆಯವರ ನಡುವೆ ಕೂತಿದ್ದಕ್ಕೆ ಇನ್ನೊಂದು ಲಾಭ ಆಯಿತು, ಕಾಗದ ಪತ್ರದ ವಿಷಯದಲ್ಲಿ ಅವರು ಪಂಡಿತರು. ಗ್ರಾಮೀಣ, ಕನ್ನಡ ಮಾಧ್ಯಮ ಮೀಸಲಾತಿಗೆ 1ರಿಂದ 10ನೇ ತರಗತಿಯ ವ್ಯಾಸಂಗ ಪ್ರಮಾಣಪತ್ರ ಬೇಕು, ಅದಕ್ಕೆ ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಸಹಿ ಬೇಕು ಅಂತ ನನಗೆ ಹೇಳಿದ್ದು ಪಕ್ಕದ ಸೀಟಿನ ಕೆಎಎಸ್ ಅಕ್ಕ. ಜಾತಿ ಆದಾಯ ಪತ್ರಕ್ಕೆ ನಾಡಕಚೇರಿಗೆ ಜನವರಿಯಲ್ಲೇ ಓಡಿಸಿದಳು. ಬಿಎಸ್ಸಿ ಕಾಲೇಜಿನಲ್ಲಿ ಕೊಟ್ಟಿಟ್ಟ ಒರಿಜಿನಲ್ ಅಂಕಪಟ್ಟಿ ಹೇಗೆ ವಾಪಸ್ ಸಿಗುತ್ತದೆ ಅಂತ ಮೊದಲೇ ಕೇಳಿಟ್ಟುಕೊಳ್ಳಿ, ಸೀಟು ಹಂಚುವ ಕೆಇಎ (ರಾಜ್ಯದ ಪರೀಕ್ಷಾ ಪ್ರಾಧಿಕಾರ) ದಾಖಲೆ ಪರಿಶೀಲನೆ ಹೊತ್ತಿಗೆ ಕ್ಲರ್ಕ್ ರಜೆ ಇದ್ದರೆ ಕಷ್ಟ.

ಒಂದು ಸ್ಟಾರ್ ಕಡಿಮೆ ಯಾಕೆ? ಹುಡುಗಿಯರು ರಾತ್ರಿ 9ಕ್ಕೆ ಜಾಗ ಬಿಡಬೇಕು, ಹುಡುಗರಿಗೆ ಆ ನಿಯಮ ಇಲ್ಲ. ಬೆಳಿಗ್ಗೆ ಹನ್ನೊಂದಕ್ಕೆ ಖಾನಾವಳಿಯ ಮೆಣಸಿನಕಾಯಿ ಒಗ್ಗರಣೆ ಕಿಟಕಿಯಿಂದ ನುಗ್ಗಿ ಇಡೀ ಹಾಲ್ ಸೀನುತ್ತದೆ.

ಸೇರುವುದಾದರೆ ಗೋಡೆ ಪಕ್ಕದ ಸೀಟ್ ಕೇಳಿ. ಫ್ಯಾನ್ ಕೆಳಗಿನದು ತಂಪು ಅಂತ ಎಲ್ಲರೂ ಮುಗಿಬೀಳುತ್ತಾರೆ, ಅಲ್ಲಿ ಒಎಂಆರ್ ಹಾಳೆ ನಿಲ್ಲುವುದಿಲ್ಲ.