ಕವರಿಗೆ ತುಂಬಿ ಮಾರುವ ಮೀನಿನ ಆಹಾರ ತಗೊಳ್ಳುವ ಮುಂಚೆ ಇದನ್ನು ಓದಿ

ಮೈಸೂರಿನಲ್ಲಿ ಮನೆಯಲ್ಲಿ ಮೀನು ಸಾಕಿರುವವರಿಗೆ ಒಂದು ಮಾತು. ಅಂಗಡಿಯವರು ದೊಡ್ಡ ಚೀಲದಿಂದ ತೆಗೆದು, ಪ್ಲಾಸ್ಟಿಕ್ ಕವರಿಗೆ ತುಂಬಿ, ಪಿನ್ ಹೊಡೆದು ನೇತುಹಾಕಿರುತ್ತಾರಲ್ಲ, ಕೆಂಪು, ಹಸಿರು ಕಾಳು? ಅದನ್ನು ತಗೊಳ್ಳಬೇಡಿ. ನಾನು ತಗೊಂಡೆ. ಇದ್ದ ಎರಡು ಮೀನಿನಲ್ಲಿ ಒಂದು ಹೋಯಿತು.

ನಮ್ಮದು ಕುವೆಂಪುನಗರ. ಎರಡಡಿ ಟ್ಯಾಂಕು, ಹೆಚ್ಚು ಕಡಿಮೆ 55 ಲೀಟರ್ ನೀರು, ಎರಡು ಒರಾಂಡ ಗೋಲ್ಡ್‌ಫಿಶ್. (ಆ ಟ್ಯಾಂಕಿಗೆ ಎರಡೇ ಜಾಸ್ತಿ ಅಂತ ಈಗ ಗೊತ್ತಾಗಿದೆ. ಅದು ಬೇರೆ ಕಥೆ.) ಮೊದಲು ಡಬ್ಬಿಯ ಆಹಾರ ಹಾಕುತ್ತಿದ್ದೆ. ಮಳೆಗಾಲದ ಶುರುವಿನಲ್ಲಿ ಅದು ಮುಗಿಯಿತು. ಅಂಗಡಿಗೆ ಹೋದರೆ, ಒಂದು ಡಬ್ಬಿಯ ದುಡ್ಡಿಗೆ ಅರ್ಧ ಕೆಜಿ ಲೂಸ್ ಆಹಾರ ಬರುತ್ತದೆ ಅಂದರು. ಡೇಟ್ ಎಲ್ಲಿದೆ ಅಂತ ಕೇಳಿದೆ. "ಅದೇ ಮಾಲು ಮೇಡಂ, ಡಬ್ಬಿ ಇಲ್ಲ ಅಷ್ಟೇ. ಎಲ್ಲರೂ ಇದನ್ನೇ ತಗೊಂಡು ಹೋಗ್ತಾರೆ." ಸರಿ, ನಾನೂ ತಂದೆ. ಅರ್ಧ ಕೆಜಿ! ಎರಡು ಮೀನಿಗೆ ಅದು ವರ್ಷವಾದರೂ ಮುಗಿಯುವುದಿಲ್ಲ.

ಮೇಲಿಂದ ನನ್ನದೂ ಒಂದು ಪೆದ್ದುತನ. ಕೈಗೆ ಸಿಗಲಿ ಅಂತ ಕವರನ್ನು ಟ್ಯಾಂಕಿನ ಮುಚ್ಚಳದ ಮೇಲೆಯೇ ಇಟ್ಟೆ. ಕೆಳಗೆ ನೀರಿನ ಆವಿ, ಪಕ್ಕದಲ್ಲಿ ಲೈಟಿನ ಬಿಸಿ, ಹೊರಗೆ ಆಷಾಢದ ಥಂಡಿ.

ಮೂರು ವಾರ ಆಗಿರಬಹುದು. ನೀರು ಅಕ್ಕಿ ತೊಳೆದ ಹಾಗೆ ಮಬ್ಬಾಯಿತು. ಮೀನುಗಳು ಕಾಳನ್ನು ಬಾಯಿಗೆ ತಗೊಂಡು ಉಗುಳುತ್ತಿದ್ದವು. ಹಗಲೆಲ್ಲ ಮೇಲೆ ಬಂದು ಬಾಯಿ ಬಾಯಿ ಬಿಡುತ್ತಿದ್ದವು. ನಮ್ಮತ್ತೆ "ಪಾಪ, ಹಸಿವು ಕಣೇ ಅವಕ್ಕೆ" ಅಂತ ಮಧ್ಯಾಹ್ನ ಇನ್ನೊಂದು ಚಿಟಿಕೆ ಹಾಕುತ್ತಿದ್ದರು. ಶೃಂಗೇರಿಯಲ್ಲಿ ತುಂಗೆಯ ಮೀನಿಗೆ ಪುರಿ ಹಾಕಿ ಅಭ್ಯಾಸವಾದ ಕೈ ಅದು. ಅಲ್ಲಿ ಹೊಳೆ ಹರಿಯುತ್ತದೆ. ಇಲ್ಲಿ ಹಾಕಿದ್ದು ಇಲ್ಲೇ ಕೊಳೆಯಬೇಕು. ಕೊಳೆತು, ಮೀನಿಗೆ ವಿಷವಾದ ಅಮೋನಿಯಾ ನೀರಿನಲ್ಲಿ ಏರಿತ್ತು. ಅವು ಬಾಯಿ ಬಿಡುತ್ತಿದ್ದದ್ದು ಉಸಿರಿಗೆ.

ಗಾಬರಿಯಲ್ಲಿ ನಾನು ಇನ್ನೂ ದೊಡ್ಡ ತಪ್ಪು ಮಾಡಿದೆ. ಪೂರ್ತಿ ನೀರು ಚೆಲ್ಲಿದೆ. ಫಿಲ್ಟರಿನ ಸ್ಪಾಂಜನ್ನು ನಲ್ಲಿಯ ಕೆಳಗೆ ಹಿಂಡಿ ಹಿಂಡಿ ತೊಳೆದೆ. ಅಮೋನಿಯಾವನ್ನು ತಿಂದು ಕರಗಿಸುವ ಬ್ಯಾಕ್ಟೀರಿಯಾ ಮನೆ ಮಾಡಿಕೊಂಡಿರುವುದೇ ಆ ಸ್ಪಾಂಜಿನಲ್ಲಿ, ನಲ್ಲಿ ನೀರಿನ ಕ್ಲೋರಿನ್ ಅವನ್ನು ಕೊಲ್ಲುತ್ತದೆ. ಟ್ಯಾಂಕಿನಿಂದಲೇ ತೆಗೆದ ನೀರಿನಲ್ಲಿ ಅದ್ದಿ ಹಿಂಡಬೇಕಿತ್ತು. ನೀರನ್ನು ಸ್ವಲ್ಪ ಸ್ವಲ್ಪವೇ ಬದಲಿಸಬೇಕಿತ್ತು.

ನಾಲ್ಕನೇ ದಿನ ಬಿಳಿ ಒರಾಂಡ ಹೊಟ್ಟೆ ಮೇಲಾಗಿ ತೇಲಿತು. ಕಿವಿರು ಮಾತ್ರ ಆಡುತ್ತಿತ್ತು. ಮಗ ಸ್ಕೂಲಿಗೆ ಹೊರಡುವ ಮುಂಚೆ ಬೆರಳಿನಿಂದ ಅದನ್ನು ನೆಟ್ಟಗೆ ಮಾಡುತ್ತಿದ್ದ. ಕೈ ಬಿಟ್ಟರೆ ಮತ್ತೆ ಮಗುಚುತ್ತಿತ್ತು. ಎರಡು ದಿನ ಹಾಗೇ ಇದ್ದು ಹೋಯಿತು.

ಆಹಾರದ ಮೇಲೆ ಅನುಮಾನ ಹುಟ್ಟಿಸಿದ್ದು ಪಕ್ಕದ ಮನೆಯ ಅಂಕಲ್. ಇಲ್ಲಿನ ಆಹಾರ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐನಲ್ಲಿದ್ದು ರಿಟೈರ್ ಆದವರು. ಕವರು ಬಿಚ್ಚಿ ಮೂಗಿಗೆ ಹಿಡಿದರು. "ಕಮಟು ಹೊಡೀತಿದೆ ಅಲ್ವೇನಮ್ಮಾ? ಹಳೇ ಕಡಲೆಕಾಯಿ ಬೀಜದ ಹಾಗೆ." ನಿಜ. ಬುಡದಲ್ಲಿ ಕಾಳು ಗಂಟುಗಟ್ಟಿ ಬೂಷ್ಟು ಹಿಡಿದಿತ್ತು. ಮೀನಿನ ಆಹಾರದಲ್ಲಿ ಮೀನೆಣ್ಣೆ ಇರುತ್ತದೆ. ಗಾಳಿ, ಬೆಳಕು, ಬಿಸಿ ತಾಗಿದರೆ ಅದು ಬೇಗ ಕೆಡುತ್ತದೆ, ಕೆಡುತ್ತಾ ವಿಟಮಿನ್ ಇ ಯನ್ನೂ ಹಾಳು ಮಾಡುತ್ತದೆ. ವಿಟಮಿನ್ ಸಿ ಅಂತೂ ಇನ್ನೂ ನಾಜೂಕು. ಬಹುಪಾಲು ಮೀನುಗಳಿಗೆ ಅದು ಆಹಾರದಿಂದಲೇ ಸಿಗಬೇಕು. ಸಿಗದೆ ತಿಂಗಳುಗಟ್ಟಲೆ ಕಳೆದರೆ ಬೆನ್ನುಮೂಳೆ ಡೊಂಕಾಗುತ್ತದೆ. ಅಂದರೆ ಹಳೇ ಆಹಾರ ಹೊಟ್ಟೆ ತುಂಬಿಸಬಹುದು, ಮೈಗೆ ಹತ್ತುವುದಿಲ್ಲ.

ನಾಲ್ಕು ಕಾಳನ್ನು ಲೋಟದ ನೀರಿಗೆ ಹಾಕಿ ನೋಡಿದೆವು. ಹತ್ತು ನಿಮಿಷಕ್ಕೆ ನೀರು ಕೆಂಪು. ಕಾಳು ಹಿಟ್ಟಾಗಿ ಉದುರಿತು. ಬರೀ ಬಣ್ಣ, ಮೈದಾ!

ಅಂಗಡಿಗೆ ಹೋಗಿ ಕೇಳಿದೆ. "ನೀವು ಜಾಸ್ತಿ ಹಾಕಿದ್ದೀರಿ ಮೇಡಂ" ಅಂದರು. ಅರ್ಧ ನಿಜ, ಒಪ್ಪುತ್ತೇನೆ. ಆಮೇಲೆ, ಬೇಕಾದರೆ ಜೀವಂತ ಕೆಂಪು ಹುಳ ತಗೊಳ್ಳಿ ಅಂದರು. ಟ್ಯೂಬಿಫೆಕ್ಸ್ ಅದು, ಕೊಳಚೆ ನೀರಿನ ಕೆಸರಿನಲ್ಲಿ ಬೆಳೆಯುವ ಹುಳ. ಜೊತೆಗೆ ರೋಗವೂ ಬರಬಹುದು. ಸುಮ್ನೆ ವಾಪಸ್ ಬಂದೆ.

ಈಗ ಚಿಕ್ಕ ಡಬ್ಬಿಯೇ ತರುವುದು, ಸೀಲ್ ಇರುವುದು, ಡೇಟ್ ಇರುವುದು. ಪದಾರ್ಥಗಳ ಪಟ್ಟಿಯಲ್ಲಿ ಮೊದಲ ಹೆಸರು ಮೀನಿನ ಪುಡಿಯದೋ ಸೀಗಡಿಯದೋ ಆಗಿರಬೇಕು. ಗೋಧಿ ಹಿಟ್ಟು ಮೊದಲಿದ್ದರೆ ಅಲ್ಲೇ ಇಡುತ್ತೇನೆ. ಗೋಲ್ಡ್‌ಫಿಶ್‌ಗೆ ಪ್ರೋಟೀನ್ ಶೇಕಡಾ 30ರಿಂದ 35 ಇದ್ದರೆ ಸಾಕು. ಮುಳುಗುವ ಕಾಳು ಒಳ್ಳೆಯದು, ತೇಲುವ ಕಾಳಿನ ಜೊತೆ ಅವು ಗಾಳಿಯನ್ನೂ ನುಂಗುತ್ತವೆ. ಡಬ್ಬಿ ತೆರೆದ ತಾರೀಕನ್ನು ಮುಚ್ಚಳದ ಮೇಲೆ ಬರೆದು ಬೀರುವಿನಲ್ಲಿ ಇಡುತ್ತೇನೆ. ಮೂರು ತಿಂಗಳಾದರೆ ಉಳಿದದ್ದು ಗುಲಾಬಿ ಕುಂಡಕ್ಕೆ.

ಗೋಲ್ಡ್‌ಫಿಶ್‌ಗೆ ಜಠರವೇ ಇಲ್ಲ, ತಿಂದದ್ದು ನೇರ ಕರುಳಿಗೆ. ಹಾಗಾಗಿ ದಿನಕ್ಕೆರಡು ಸಲ, ಎರಡು ನಿಮಿಷದಲ್ಲಿ ಖಾಲಿ ಮಾಡುವಷ್ಟು ಮಾತ್ರ. ಆಗಾಗ ಬೇಯಿಸಿ ಸಿಪ್ಪೆ ತೆಗೆದ ಹಸಿ ಬಟಾಣಿ. ವಾರಕ್ಕೊಂದು ದಿನ ಉಪವಾಸ. ಅತ್ತೆ ಅದಕ್ಕೆ ಮೀನಿನ ಏಕಾದಶಿ ಅಂತ ಹೆಸರಿಟ್ಟಿದ್ದಾರೆ. ಅವತ್ತು ಟ್ಯಾಂಕಿನ ಕಡೆ ತಲೆಯೂ ಹಾಕುವುದಿಲ್ಲ.

ನಿನ್ನೆ ಆ ಅಂಗಡಿಯ ಮುಂದೆ ಹಾದುಹೋದೆ. ಕವರುಗಳು ಇನ್ನೂ ಬಾಗಿಲಲ್ಲೇ ನೇತಾಡುತ್ತಿವೆ, ಬೆಳಗಿನ ಬಿಸಿಲು ನೇರ ಅವುಗಳ ಮೇಲೆಯೇ ಬೀಳುತ್ತದೆ.