ಡ್ರೈವರ್ ಒಳಮನೆಗೋ, ಜಗಲಿಗೋ?

ಬೆಂಗಳೂರಿನ ಎಸ್‌ಪಿ ರೋಡಿನಲ್ಲಿ ಅಗ್ಗಕ್ಕೆ ಸಿಕ್ಕಿತು ಅಂತ ಒಂದು ಯುಎಸ್‌ಬಿ ವೈಫೈ ಡಾಂಗಲ್ ತಂದೆ. ಅದರ ಡ್ರೈವರ್ (ಸಾಧನವನ್ನು ಓಡಿಸುವ ಪ್ರೋಗ್ರಾಂ) ಲಿನಕ್ಸ್‌ನ ತಿರುಳಾದ ಕರ್ನೆಲ್ ಜೊತೆ ಬರುವಂಥದ್ದಲ್ಲ, ಎಲ್ಲಿಂದಲೋ ಇಳಿಸಿಕೊಂಡು ನಾವೇ ಕಂಪೈಲ್ ಮಾಡಬೇಕು. ಮಾಡಿದೆ. ಎರಡು ದಿನ ಚೆನ್ನಾಗಿತ್ತು. ಮೂರನೇ ದಿನ ಲ್ಯಾಪ್‌ಟಾಪ್ ಮುಚ್ಚಿ ತೆರೆದರೆ ನೆಟ್ ಇಲ್ಲ, ಕರ್ನೆಲ್‌ಗೆ ಸೇರಿಸಿದ್ದ ಆ ಡ್ರೈವರ್ ಮಾಡ್ಯೂಲ್ ತೆಗೆಯೋಣ ಅಂದರೆ ಆ ಕಮಾಂಡೇ ಸಿಕ್ಕಿಹಾಕಿಕೊಂಡಿತು. ಓಡುತ್ತಿರುವ ಪ್ರೋಗ್ರಾಂಗಳ ಪಿಎಸ್ ಪಟ್ಟಿಯಲ್ಲಿ ಅದರ ಪಕ್ಕ 'ಡಿ' ಅಕ್ಷರ. ಅಂದರೆ ಕರ್ನೆಲ್ ಒಳಗೆ ಯಾವುದಕ್ಕೋ ಕಾಯುತ್ತಾ ಕೂತಿದೆ, ಬಲವಂತವಾಗಿ ಕೊಲ್ಲುವ ಕಿಲ್ -9 ಕೊಟ್ಟರೂ ಜಪ್ಪಯ್ಯ ಅನ್ನುವುದಿಲ್ಲ. ಶಟ್‌ಡೌನ್ ಕೂಡ ಮುಗಿಯಲಿಲ್ಲ, ಪವರ್ ಬಟನ್ ಒತ್ತಿ ಹಿಡಿದೆ. ಡ್ರೈವರ್ ಕರ್ನೆಲ್ ಎಂಬ ಒಳಮನೆಯಲ್ಲಿ ಓಡಬೇಕೋ, ಅದರ ಹೊರಗೆ ಜಗಲಿಯಲ್ಲಿ ಮಾಮೂಲಿ ಪ್ರೋಗ್ರಾಂನಂತೆ ಓಡಬೇಕೋ ಅನ್ನುವ ಪ್ರಶ್ನೆ ಹುಟ್ಟಿದ್ದು ಇಲ್ಲಿ.

ತಲೆಕೆಟ್ಟು ಅದೇ ವಾರ ಮಿನಿಕ್ಸ್ 3 ಎಂಬ ಆಪರೇಟಿಂಗ್ ಸಿಸ್ಟಂ ಅನ್ನು ವಿಎಂನಲ್ಲಿ (ಕಂಪ್ಯೂಟರ್ ಒಳಗಿನ ನಕಲಿ ಕಂಪ್ಯೂಟರ್) ಹಾಕಿ ನೋಡಿದೆ. ಕಂಪ್ಯೂಟರ್ ವಿಜ್ಞಾನಿ ಆಂಡ್ರ್ಯೂ ಟ್ಯಾನೆನ್‌ಬಾಮ್ ಮತ್ತು ಅವರ ತಂಡ 2005ರಲ್ಲಿ ಬಿಟ್ಟದ್ದು. 1992ರಲ್ಲಿ ಕರ್ನೆಲ್ ಒಳಗೆ ಎಷ್ಟು ತುಂಬಬೇಕು ಅಂತ ಲಿನಕ್ಸ್ ಕಟ್ಟಿದ ಲಿನಸ್ ಟೊರ್ವಾಲ್ಡ್ಸ್ ಜೊತೆ ವಾದಕ್ಕೆ ಇಳಿದವರೂ ಅವರೇ. ಮಿನಿಕ್ಸ್‌ನಲ್ಲಿ ಒಂದೊಂದು ಡ್ರೈವರೂ ಕರ್ನೆಲ್ ಹೊರಗಿನ ಬೇರೆ ಪ್ರೋಸೆಸ್ (ಓಡುತ್ತಿರುವ ಪ್ರೋಗ್ರಾಂ), ಸತ್ತರೆ ಎಬ್ಬಿಸಲು ರೀಇನ್‌ಕಾರ್ನೇಶನ್ ಸರ್ವರ್ ಇದೆ. ಪುನರ್ಜನ್ಮ ಅಂದರೆ ನಮಗೆ ಯಾರೂ ಬಿಡಿಸಿ ಹೇಳಬೇಕಾಗಿಲ್ಲ, ಅಲ್ವಾ? ನೆಟ್ ಇದೆಯೇ ಅಂತ ನೋಡುವ ಪಿಂಗ್ ಓಡುತ್ತಿರುವಾಗ ನೆಟ್‌ವರ್ಕ್ ಡ್ರೈವರ್‌ನ ಪಿಐಡಿ (ಪ್ರೋಸೆಸ್‌ನ ಸಂಖ್ಯೆ) ಹುಡುಕಿ ಕೊಂದೆ. ಪಿಂಗ್ ಒಂದು ಗಳಿಗೆ ನಿಂತು ಮತ್ತೆ ಶುರುವಾಯಿತು. ಅದೇ ಡ್ರೈವರ್, ಹೊಸ ಪಿಐಡಿ. ಮಜಾ ಅನ್ನಿಸಿ ಸುಮ್ನೆ ನಾಲ್ಕೈದು ಸಲ ಕೊಂದೆ.

ಆದರೆ ಮಿನಿಕ್ಸ್‌ನಲ್ಲಿ ದಿನದ ಕೆಲಸ ನಡೆಯುವುದಿಲ್ಲ, ಅದರ 3.3.0 ಆವೃತ್ತಿ ಬಂದು ನಿಂತದ್ದೇ 2014ರಲ್ಲಿ. ಸರಿಯಾದ ಹೋಲಿಕೆಗೆ ಮೆಷಿನ್ ಒಂದೇ, ಡಿಸ್ಕೂ ಒಂದೇ ಇರಬೇಕು. ನನ್ನ ಎನ್‌ಟಿಎಫ್‌ಎಸ್ (ವಿಂಡೋಸ್‌ನ ಫೈಲ್ ವ್ಯವಸ್ಥೆ) ಎಕ್ಸ್‌ಟರ್ನಲ್ ಡಿಸ್ಕ್ ಅದಕ್ಕೆ ಹೇಳಿ ಮಾಡಿಸಿದಂತಿತ್ತು. ಅದನ್ನು ಓದಲು ಲಿನಕ್ಸ್‌ನಲ್ಲಿ ಎರಡೂ ಬಗೆಯ ಡ್ರೈವರ್ ಇವೆ. ಎನ್‌ಟಿಎಫ್‌ಎಸ್-3ಜಿ, ಫೈಲ್ ಸಿಸ್ಟಂಗಳನ್ನು ಹೊರಗೆ ಓಡಿಸುವ ಫ್ಯೂಸ್ ಮೂಲಕ ಕರ್ನೆಲ್ ಹೊರಗೆ ಓಡುತ್ತದೆ, 2021ರಲ್ಲಿ ಕರ್ನೆಲ್ 5.15ಕ್ಕೆ ಸೇರಿದ ಎನ್‌ಟಿಎಫ್‌ಎಸ್3 ಒಳಗೆ.

ಮದುವೆಯ ವಿಡಿಯೋದಂಥ ದೊಡ್ಡ ಫೈಲ್‌ಗೆ ವ್ಯತ್ಯಾಸವೇ ಗೊತ್ತಾಗಲಿಲ್ಲ, ಡಿಸ್ಕೇ ನಿಧಾನ. ಸಾವಿರಾರು ಸಣ್ಣ ಫೈಲ್‌ಗಳಿರುವ ಸೋರ್ಸ್ ಕೋಡ್ ಫೋಲ್ಡರ್ ಎಳೆದಾಗ ಮಾತ್ರ ಬಣ್ಣ ಬಯಲಾಯಿತು. ಹೊರಗಿನದರಲ್ಲಿ ಪ್ರತಿ ಓಪನ್‌ಗೂ ಕರ್ನೆಲ್‌ಗೆ ಹೋಗಿ, ಅಲ್ಲಿಂದ ಡ್ರೈವರ್ ಪ್ರೋಸೆಸ್‌ಗೆ ಬಂದು, ಮತ್ತೆ ಕರ್ನೆಲ್ ದಾಟಿ ವಾಪಸ್ ಬರಬೇಕಲ್ಲ, ಅಲೆದಾಟವೇ ಜಾಸ್ತಿ. ಸಿಪಿಯು ತಿನ್ನುವವರನ್ನು ತೋರಿಸುವ ಟಾಪ್ ಪಟ್ಟಿಯಲ್ಲಿ ಆ ಹೊರಗಿನ ಡ್ರೈವರ್, ಅಂದರೆ ಮೌಂಟ್.ಎನ್‌ಟಿಎಫ್‌ಎಸ್, ಎಲ್ಲರಿಗಿಂತ ಮೇಲೆ ಕೂತಿತ್ತು. ಒಳಗಿನದು ಕಣ್ಣಿಗೆ ಕಾಣುವಷ್ಟು ಬೇಗ ಮುಗಿಸಿತು.

ಇನ್ನು ಕೊಲ್ಲುವ ಪರೀಕ್ಷೆ. ಹೊರಗಿನ ಪ್ರೋಸೆಸ್ ಅನ್ನು ಕಾಪಿ ನಡುವೆ ಕೊಂದೆ. 'ಟ್ರಾನ್ಸ್‌ಪೋರ್ಟ್ ಎಂಡ್‌ಪಾಯಿಂಟ್ ಈಸ್ ನಾಟ್ ಕನೆಕ್ಟೆಡ್' ಅಂತ, ಅಂದರೆ ಸಂಪರ್ಕ ಕಡಿದಿದೆ ಅಂತ, ಒಂದು ಸಾಲು ಬಂತು. ಡಿಸ್ಕನ್ನು ಬಿಡಿಸಿ (ಅನ್‌ಮೌಂಟ್) ಮತ್ತೆ ಜೋಡಿಸಿದೆ (ಮೌಂಟ್), ಅಷ್ಟೇ. ಆದರೆ ಅರ್ಧ ಬರೆದಿದ್ದ ಫೈಲ್ ಅರ್ಧವೇ. ನೆಟ್‌ವರ್ಕ್‌ನಲ್ಲಿ ಕಳೆದ ಪ್ಯಾಕೆಟ್ (ಡೇಟಾ ತುಣುಕು) ಅನ್ನು ಟಿಸಿಪಿ ಎಂಬ ಸಂವಹನ ವ್ಯವಸ್ಥೆ ಇನ್ನೊಮ್ಮೆ ಕಳಿಸುತ್ತದೆ, ಡಿಸ್ಕ್‌ಗೆ ಅಂಥ ಪುಣ್ಯ ಇಲ್ಲ. ಡ್ರೈವರ್‌ಗೆ ಹೊಸ ಜನ್ಮ ಬಂದರೂ ಹಿಂದಿನ ಜನ್ಮದ ನೆನಪು ಇರಲ್ಲ.

ಹೊರಗಿದ್ದರೆ ನಿಧಾನ ಅಂತ ಕಣ್ಣು ಮುಚ್ಚಿ ಹೇಳುವ ಹಾಗೂ ಇಲ್ಲ. ಡಿಪಿಡಿಕೆ ಎಂಬ ಸಾಫ್ಟ್‌ವೇರ್ ನೆಟ್‌ವರ್ಕ್ ಕಾರ್ಡನ್ನು ಹೊರಗಿನಿಂದಲೇ ಓಡಿಸಿ ಕರ್ನೆಲ್‌ಗಿಂತ ವೇಗವಾಗಿ ಪ್ಯಾಕೆಟ್ ಎತ್ತುತ್ತದೆ, ಆದರೆ ಅದಕ್ಕಾಗಿ ಸಿಪಿಯು ಕೋರ್ ಒಂದನ್ನು ಪೂರ್ತಿ ತಿಂದುಹಾಕುತ್ತದೆ. ಸ್ಕ್ಯಾನರ್ ಡ್ರೈವರ್‌ಗಳು ಲಿನಕ್ಸ್‌ನಲ್ಲಿ ಬಹುಕಾಲದಿಂದ ಹೊರಗೇ ಇವೆ. ಕಾಗದವೇ ಆಮೆಗತಿಯಲ್ಲಿ ಸಾಗುವಾಗ ಮೈಕ್ರೋಸೆಕೆಂಡ್ ಯಾರಿಗೆ ಬೇಕು!

ನನ್ನ ಲೆಕ್ಕ ಸರಳ. ಸಿಸ್ಟಂ ಇರುವ ರೂಟ್ ಡಿಸ್ಕ್‌ನ ಡ್ರೈವರ್ ಒಳಮನೆಯಲ್ಲೇ ಇರಲಿ, ಅದು ಸತ್ತರೆ ಎಬ್ಬಿಸುವ ಪ್ರೋಗ್ರಾಂ ಓದಲು ಕೂಡ ಡಿಸ್ಕ್ ಬೇಕಲ್ಲ. ಯಾರು ಬರೆದರೋ ಗೊತ್ತಿಲ್ಲದ ಕೋಡ್ ಮಾತ್ರ ಜಗಲಿ ದಾಟಬಾರದು. ಆ ಡಾಂಗಲ್‌ನ ಡ್ರೈವರ್ ಹೊರಗೆ ಓಡುವುದಿಲ್ಲ, ಅದಕ್ಕೆ ಕರ್ನೆಲ್ಲೇ ಬೇಕು. ಹಾಗಾಗಿ ಅದಕ್ಕೇ ಅಂತ ಪುಟ್ಟ ವಿಎಂ ಮಾಡಿ, ಯುಎಸ್‌ಬಿಯನ್ನು ಅದಕ್ಕೆ ಕೊಟ್ಟು, ನೆಟ್ ಅನ್ನು ಅಲ್ಲಿಂದ ಎಳೆದುಕೊಂಡಿದ್ದೇನೆ. ವೇಗ ಸ್ವಲ್ಪ ಕಮ್ಮಿ. ಮೊನ್ನೆ ಮತ್ತೆ ಸಿಕ್ಕಿಹಾಕಿಕೊಂಡಿತು. ವಿಎಂ ಒಂದನ್ನೇ ರೀಸ್ಟಾರ್ಟ್ ಮಾಡಿದೆ, ಅರ್ಧ ಟೈಪ್ ಮಾಡಿದ್ದ ಮೇಲ್ ಹಾಗೇ ತೆರೆದಿತ್ತು.